ಟೈಲ್ಸ್ ರೇಟು ಕೇಳೂದಕ್ಕಿಂತ ಮೊದಲ ಮಣ್ಣಿನ ಮಾತು ಕೇಳ್ರಿ...

ಈ ವಿಷಯ ಬರೀಬೇಕು ಅಂತ ಭಾಳ ದಿನದಿಂದ ಅಂದುಕೊಂಡಿದ್ದೆ. ಕತೆ, ಕವನ, ಸಿನೆಮಾ, ರಾಜಕೀಯ, ಊರ ಜಾತ್ರೆ ಎಲ್ಲದರ ಬಗ್ಗೆಯೂ ನಾವು ಬ್ಲಾಗಿಗರು ಬರೀತೀವಿ. ದಿನಾ ಕಾಲಿಡೋ ನೆಲದ ಬಗ್ಗೆ ಯಾರೂ ಬರೆದದ್ದು ಕಾಣೆ. ನಾಡು-ನುಡಿಯ ನೆಲ ಅಲ್ಲ, ಅದರ ಬಗ್ಗೆ ಬೇಕಾದಷ್ಟಿದೆ. ನಾನು ಹೇಳ್ತಿರೋದು ಮನೆಯ ನೆಲ. ಫರಸಿ, ಟೈಲ್ಸು, ಕೋಬಾ. :-)

ನನ್ನದು ರೋಣದ ಕಡೆಯ ಊರು. ಸಿವಿಲ್ ಡಿಪ್ಲೊಮಾ ಓದಿ, ಸೈಟುಗಳಲ್ಲಿ ಬಿಸಿಲು ಕುಡಿದು, ಈಗ ಹುಬ್ಬಳ್ಳಿಯಲ್ಲಿ ಇದ್ದೇನೆ. ಬಂಧು-ಬಳಗ ಎಲ್ಲ ರೋಣ, ನರಗುಂದ, ಗಜೇಂದ್ರಗಡ ಈ ಮೂರು ಕಡೆ ಹಂಚಿಹೋಗಿದೆ. ಈ ವರ್ಷ ಮೂರೂ ಊರಲ್ಲಿ ನಮ್ಮವರ ಒಂದೊಂದು ಮನೆಗೆ ಹೊಸ ನೆಲ ಆಗಬೇಕಾಗಿದೆ. ಹಾಗಾಗಿ ಫೋನಿಗೆ ಬಿಡುವಿಲ್ಲ. ಎಲ್ಲರದೂ ಒಂದೇ ಪ್ರಶ್ನೆ: "ಚದರ ಅಡಿಗೆ ಎಷ್ಟ ಬೀಳತೈತಿ?"

ನನ್ನ ಪ್ರಕಾರ ಈ ಪ್ರಶ್ನೆಯೇ ತಪ್ಪು. ನಮ್ಮ ಸೀಮೆಯಲ್ಲಿ ನೆಲದ ಬೆಲೆ ಟೈಲ್ಸ್ ಬಾಕ್ಸಿನ ಮೇಲೆ ಬರೆದಿರೋದಿಲ್ಲ. ಅದು ಎರಡು ಕಡೆ ಬರೆದಿರತದೆ: ಒಂದು ಮನೆಯ ಕೆಳಗಿನ ಮಣ್ಣಲ್ಲಿ, ಇನ್ನೊಂದು ಮನೆಯೊಳಗಿನ ಮಂದಿ ಎಲ್ಲಿ ಕೂತು ಏನು ಮಾಡ್ತಾರೆ ಅನ್ನೋದರಲ್ಲಿ. ಇವೆರಡನ್ನೂ ಓದದೆ ಅಂಗಡಿಗೆ ಹೋದವರು ದುಡ್ಡನ್ನು ಎರೆಗೆ ಸುರಿದು ಬರ್ತಾರೆ.

ಮೊದಲು ಲೆಕ್ಕ ಮಾಡೋಣ. ಪಡಸಾಲಿ, ಅಡಗಿಮನಿ, ಎರಡು ಕೋಲಿ ಸೇರಿ 600 ಚದರ ಅಡಿ ಅನ್ಕೊಳ್ರಿ. ಟೈಲ್ಸು ಅಡಿಗೆ 50 ರೂಪಾಯಿ. ಎಲ್ಲರ ತಲೆಯಲ್ಲೂ ತಟ್ಟನೆ ಬರೋ ಅಂಕಿ 30,000. ಈಗ ಕೆಳಗಿನದನ್ನು ನೋಡ್ರಿ. (ರೇಟುಗಳು ಊರಿಂದ ಊರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗ್ತವೆ. ನಾನು ಲೆಕ್ಕಕ್ಕೆ ದುಂಡು ಅಂಕಿ ಹಿಡಿದಿದ್ದೇನೆ. ನಿಮ್ಮೂರಿನ ರೇಟು ಹಾಕಿಕೊಂಡು ನೀವೇ ಕೂಡಿಸಿ.)

1. ಟೈಲ್ಸು: "ಎರಡು ಬೈ ಎರಡು" ಅಂತ ಮಾರೋದು ನಿಜಕ್ಕೂ 600 ಮಿಲಿಮೀಟರಿನದು. ನಾಲ್ಕರ ಬಾಕ್ಸು 16 ಅಡಿ ಅಲ್ಲ, 15.5 ಚದರ ಅಡಿ. ಒಡೆದದ್ದು, ಕತ್ತರಿಸಿದ್ದು ಅಂತ ನೂರಕ್ಕೆ 8 ಹೆಚ್ಚು ಹಿಡಿದರೆ 42 ಬಾಕ್ಸು. ಗೋಡೆ ಬುಡದ ಪಟ್ಟಿ 150 ಅಡಿಗೆ ಇನ್ನೂ 4. ಒಟ್ಟು 46 ಬಾಕ್ಸು, ಅಂದ್ರೆ 713 ಚದರ ಅಡಿ. ಆಯ್ತು 35,650.

2. ಕೂಡಿಸೋ ಕೂಲಿ: ಅಡಿಗೆ 25ರಂತೆ 15,000. ಪಟ್ಟಿಗೆ ಬೇರೆ, 2,250. ಒಟ್ಟು 17,250.

3. ಟೈಲ್ಸಿನ ಕೆಳಗೆ ಒಂದೂವರೆ ಇಂಚು ಮಾಲು: ಒಂದಕ್ಕೆ ಆರರಂತೆ ಕಲಸಿದರೆ ಸುಮಾರು 12 ಚೀಲ ಸಿಮೆಂಟು, ಹತ್ತಿರ ಹತ್ತಿರ ಒಂದು ಬ್ರಾಸ್ ಉಸುಕು. ಚೀಲಕ್ಕೆ 400, ಬ್ರಾಸಿಗೆ 5,000 ಹಿಡಿದರೆ 9,800.

4. ಅದರ ಕೆಳಗೆ ನಾಲ್ಕು ಇಂಚು ಕಾಂಕ್ರೀಟು: 20 ಚೀಲ ಸಿಮೆಂಟು, ಒಂದು ಬ್ರಾಸ್ ಉಸುಕು, ಎರಡು ಬ್ರಾಸ್ ಖಡಿ, ಕೂಲಿ. ಸುಮಾರು 27,200.

5. ಅದಕ್ಕೂ ಕೆಳಗೆ ಎರಿ ತೆಗೆದು ಎರಡು ಅಡಿ ಗರಸು ತುಂಬೋದು: ಲೆಕ್ಕಕ್ಕೆ 12 ಬ್ರಾಸ್, ಬಡಿದರೆ ಕುಗ್ಗೋದರಿಂದ ತರಿಸಬೇಕಾದ್ದು 15. ತೋಡೋದು, ನೀರು ಹೊಡೆದು ದಮ್ಮಸು ಹಾಕೋದು ಸೇರಿ 25,000.

6. ಗಾಡಿ ಬಾಡಿಗಿ, ಹಮಾಲಿ, ಸಂದಿಗೆ ತುಂಬೋ ಪುಡಿ: 4,000.

ಕೂಡಿಸಿ ನೋಡ್ರಿ. 1,18,900 ರೂಪಾಯಿ. 50 ರೂಪಾಯಿಯ ನೆಲ ಅಡಿಗೆ ಹತ್ತಿರ ಹತ್ತಿರ 200 ಆಯ್ತು! ಇದರಲ್ಲಿ ಕಣ್ಣಿಗೆ ಕಾಣೋ ಟೈಲ್ಸಿನ ಪಾಲು ಮೂರರಲ್ಲೊಂದೂ ಇಲ್ಲ.

ಇಲ್ಲಿಗೆ ಬಂದ ತಕ್ಷಣ ಎಲ್ಲರ ಬೆರಳು ನಾಕನೇದು ಮತ್ತು ಐದನೇದರ ಮೇಲೆ ಹೋಗತದೆ. "ಇವೆರಡೂ ತಗದ ಹಾಕಿದ್ರ 52,200 ಉಳೀತಲ್ಲೋ!" ಹೌದು, ಉಳೀತದೆ. ಖರ್ಚು 66,700ಕ್ಕೆ ಇಳೀತದೆ. ಆದರೆ ಎರಡು-ಮೂರು ಮಳೆಗಾಲ ಕಳೆದ ಮೇಲೆ ನೆಲ ಎದ್ದು, ಒಡೆದು, ಮತ್ತೆ ಹಾಕಿಸಬೇಕಾದರೆ ಇನ್ನೊಂದು 66,700. ಎರಡೂ ಸೇರಿ 1,33,400. ಒಡೆಯೋ ಕೂಲಿ, ಮಣ್ಣು ಹೊರಗೆ ಹಾಕೋ ಟ್ರ್ಯಾಕ್ಟರ್ ಬೇರೆ. ಇಷ್ಟಾದರೂ ಕೆಳಗಿನ ಎರಿ ಹಾಗೇ ಕೂತಿರತದೆ, ಮೂರನೇ ಸಲಕ್ಕೆ ಕಾಯ್ತಾ.

ನಮ್ಮ ಎರಿಮಣ್ಣಿನ ಗುಣ ನಿಮಗೆ ಗೊತ್ತೇ ಇದೆ. ಬ್ಯಾಸಿಗಿಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡತದೆ, ಮಳೆ ಬಿದ್ದರೆ ಉಬ್ಬಿ ಬಿರುಕೆಲ್ಲ ಮುಚ್ಚಿಕೊಳ್ಳತದೆ. ಮಾಂಟ್‌ಮೋರಿಲೊನೈಟ್ ಅನ್ನೋ ಜೇಡಿಯ ಪದರಗಳ ನಡುವೆ ನೀರು ಹೊಕ್ಕು ಆಗೋ ಕೆಲಸ ಇದು. ಹೊಲಕ್ಕೆ ಇದೇ ವರ. ಹಿಂಗಾರಿ ಜ್ವಾಳ, ಕಡ್ಲಿ ಬರೀ ಮಣ್ಣಿನ ತೇವದ ಮೇಲೆ ಬರೋದು ಇದರಿಂದಲೇ. ಮನೆಗೆ ಮಾತ್ರ ಇದೇ ಶಾಪ. ಹೊಲದಲ್ಲಿ ಉಬ್ಬುವ ಮಣ್ಣು ನಿಮ್ಮ ಪಡಸಾಲಿಯ ಕೆಳಗೆ ಸುಮ್ಮನಿರು ಅಂದ್ರೆ ಇರತದೇನು?

ಇದಕ್ಕೆ ಉತ್ತರ ನಮ್ಮ ಸೀಮೆಯಲ್ಲೇ ಇದೆ. ನವಿಲುತೀರ್ಥದಿಂದ ಬರೋ ಮಲಪ್ರಭಾ ಬಲದಂಡೆ ಕಾಲುವೆ ಕೂಡ ಇದೇ ಎರಿಭೂಮಿಯನ್ನು ಸೀಳಿಕೊಂಡು ಬರತದೆ. ಎರಿಯ ಮೇಲೆ ನೇರವಾಗಿ ಕಾಂಕ್ರೀಟು ಹೊದಿಸಿದರೆ ಅದು ಮೇಲೆದ್ದು ಒಡೀತದೆ. ಐಐಟಿ ಮುಂಬೈನ ಪ್ರೊಫೆಸರ್ ಆರ್. ಕೆ. ಕಟ್ಟಿ ಅವರು 1970ರ ದಶಕದಲ್ಲಿ ಇದರ ಮೇಲೆ ಕೆಲಸ ಮಾಡಿ, ಎರಿಯ ಮೇಲೆ ಉಬ್ಬದ ಆದರೆ ಅಂಟುಗುಣ ಇರೋ ಬೇರೆ ಮಣ್ಣನ್ನು ಸುಮಾರು ಒಂದು ಮೀಟರಿನಷ್ಟು ಬಡಿದು ಕೂಡಿಸಿದರೆ ಕೆಳಗಿನ ಉಬ್ಬು ತಡೆಯಬಹುದು ಅಂತ ತೋರಿಸಿದರು. ಮಲಪ್ರಭಾ ಕಾಲುವೆಯಲ್ಲೂ ಈ ವಿಧಾನ ಬಳಕೆಯಾಯ್ತು.

ಅಂಟುಗುಣ ಅನ್ನೋ ಮಾತು ಮುಖ್ಯ. ನಮ್ಮಲ್ಲಿ ಭರ್ತಿಗೆ ಬರೀ ಉಸುಕು, ಇಲ್ಲಾ ಹಳೇ ಮನೆ ಕೆಡವಿದ ರದ್ದಿ ತುಂಬಿಬಿಡ್ತಾರೆ. ಉಸುಕಿನೊಳಗೆ ನೀರು ಸರಾಗ ಇಳಿದು ಎರಿಗೆ ಮುಟ್ಟತದೆ. ಒಳ್ಳೆ ಗರಸು, ಪದರ ಪದರವಾಗಿ ನೀರು ಹೊಡೆದು ಬಡಿದದ್ದು, ಹಾಗೆ ಬಿಡೋದಿಲ್ಲ. ಅಂದ್ರೆ ಸರ್ಕಾರ ಕಾಲುವೆಗೆ ಮಾಡಿದ್ದನ್ನೇ ನಾವು ಪಡಸಾಲಿಗೆ ಮಾಡಬೇಕು, ಅಷ್ಟೇ. ಮನೆ ಒಳಗೆ ಇಡೀ ಮೀಟರ್ ಆಗದಿದ್ದರೆ ಎರಡು ಅಡಿಯಾದರೂ ಆಗಲಿ.

ಈಗ ಮೂರೂ ಊರಿಗೆ ಒಂದು ಸುತ್ತು ಹೋಗಿ ಬರೋಣ. ಒಂದೇ ಜಿಲ್ಲೆಯಾದರೂ ಮೂರೂ ಕಡೆ ಲೆಕ್ಕ ಬೇರೆ ಬೇರೆ.

ಮೊದಲು ನರಗುಂದ. 1980ರ ರೈತ ಬಂಡಾಯದ ಊರು. ಕಾಲುವೆ ಬಂದ ಮೇಲೆ ಅಲ್ಲಿ ಮಣ್ಣಿನೊಳಗಿನ ನೀರಿನ ಮಟ್ಟವೇ ಬದಲಾಯ್ತು. 2019-20ರ ಸುಮಾರಿಗೆ ಪಟ್ಟಣದ ಹಳೆಯ ಓಣಿಗಳಲ್ಲಿ ಮನೆಯೊಳಗೇ ನೆಲ ಕುಸಿದ ಸುದ್ದಿ ಪೇಪರಿನಲ್ಲಿ ಮೇಲಿಂದ ಮೇಲೆ ಬಂದದ್ದು ನೀವೂ ಓದಿರಬೇಕು. ಹಳೇ ಕಾಲದ ಹಗೇವು ಮತ್ತು ಮೇಲೆ ಬಂದ ಅಂತರ್ಜಲ ಇದಕ್ಕೆ ಕಾರಣ ಅಂತ ಆಗ ಹೇಳಿದರು. ಹಗೇವು ಗೊತ್ತಿಲ್ಲದವರಿಗೆ: ಜ್ವಾಳ ಕೂಡಿಡಲಿಕ್ಕೆ ನೆಲದೊಳಗೆ ತೋಡಿದ ಕಣಜ. ಬರಗಾಲದಲ್ಲಿ ಊರನ್ನು ಉಳಿಸಿದ ಹೊಟ್ಟೆ ಅದು. ಧಾನ್ಯ ತುಂಬೋದು ನಿಂತ ಮೇಲೆ ಬಾಯಿಗೆ ಕಲ್ಲು ಮುಚ್ಚಿ ಮೇಲೆ ಮನೆ ಕಟ್ಟಿದರು. ಕೆಳಗೆ ಪೊಳ್ಳು ಇದ್ದೇ ಇತ್ತು.

ಅದಕ್ಕೇ ನರಗುಂದದ ಅಕ್ಕನಿಗೆ ನಾನು ಹೇಳಿದ್ದು: "ಟೈಲ್ಸ್ ಅಂಗಡಿಗೆ ಆಮ್ಯಾಲೆ ಹೋಗೋಣ, ಮೊದ್ಲ ಓಣ್ಯಾಗಿನ ಹಿರ್ಯಾರನ್ನ ಕೇಳು, ನಮ್ಮ ಮನಿ ಕೆಳಗ ಹಗೇವು ಇತ್ತೇನಂತ." ಹಣಿಗಿ ಹಾರಿಯಿಂದ ನೆಲ ಬಡಿದು ನೋಡೋದು, ಅನುಮಾನ ಬಂದಲ್ಲಿ ತೋಡಿ ನೋಡೋದು, ಹಗೇವು ಸಿಕ್ಕರೆ ಒಳಗಿನ ನೀರು ತೆಗೆದು ಬುಡದಿಂದ ಗಟ್ಟಿಯಾಗಿ ತುಂಬೋದು. ಇದಕ್ಕೆ ಆಗೋ ಖರ್ಚನ್ನು ಯಾವ ಅಂಗಡಿಯವನೂ ಕೊಟೇಶನ್ನಿನಲ್ಲಿ ಬರೆದು ಕೊಡೋದಿಲ್ಲ. ಆದರೆ ಮಕ್ಕಳು ಮಲಗೋ ಜಾಗ ಅದು.

ಇನ್ನು ಹೊಳೆ ದಂಡೆಯ ಊರುಗಳು. ಕೊಣ್ಣೂರು, ಲಖಮಾಪುರದ ಕಡೆ 2019ರ ಆಗಸ್ಟಿನಲ್ಲಿ ಮಲಪ್ರಭೆ ಮನೆಯೊಳಗೆ ಬಂದಳು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ಘೋಷಿಸಿತ್ತು. ಅಷ್ಟರಲ್ಲೇ ಮನೆ ಕಟ್ಟುವವರಿಗೆ ನೆಲಕ್ಕೆ ಉಳಿಯೋದೆಷ್ಟು? ಅಂಥ ಕಡೆ ಟೈಲ್ಸಿನ ಬಣ್ಣದ ಮಾತೇ ಬೇಡ. ನೆಲ ಎಷ್ಟು ಎತ್ತರ ಅನ್ನೋದೇ ಮೊದಲ ಪ್ರಶ್ನೆ.

ಎರಡನೇದು ರೋಣ. ಇಲ್ಲಿ ನೆಲಕ್ಕೆ ವೈರಿ ಅಂದ್ರೆ ಮಳೆಗಿಂತ ಬಚ್ಚಲ ನೀರು. ನಗಬ್ಯಾಡ್ರಿ, ನಿಜ. ಬಚ್ಚಲ ನೀರನ್ನು ಗೋಡೆ ಬುಡದ ಬಾಳಿಗಿಡಕ್ಕೆ ಬಿಟ್ಟಿರತೀವಿ. ಅಲ್ಲಿಯ ಎರಿ ವರ್ಷವಿಡೀ ಹಸಿ, ಪಡಸಾಲಿ ನಡುವಿನ ಎರಿ ಒಣ. ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಉಬ್ಬದಿದ್ದರೆ ನೆಲ ಸೀಳದೆ ಇನ್ನೇನು ಮಾಡೀತು? ಬಚ್ಚಲ ನೀರಿಗೆ ದೂರದ ತನಕ ಪೈಪು, ಮನೆ ಸುತ್ತ ಮೂರು ಅಡಿ ಅಗಲ ಇಳಿಜಾರಿನ ಕಟ್ಟಿ. ಇವು ಮನೆ ಹೊರಗಿನ ಕೆಲಸ, ಆದರೆ ಮನೆ ಒಳಗಿನ ನೆಲ ಉಳಿಯೋದು ಇವುಗಳಿಂದ.

ರೋಣದ ಕಾಕಾನ ಮನೆಯಲ್ಲಿ ಇನ್ನೊಂದು ಜಗಳ. ಕಾಕಾ ಹೇಳಿದ್ದು: "ತಮ್ಮಾ, ಹುಡುಗಗ ಹೆಣ್ಣ ನೋಡಾಕ ಹತ್ತೀವಿ. ಫಳ ಫಳ ಹೊಳಿಯೂ ಟೈಲ್ಸ್ ಇಲ್ಲದ ಮನಿಗೆ ಯಾರ ಹೆಣ್ಣ ಕೊಡ್ತಾರ?" ಈ ಮಾತನ್ನು ನಾನು ನಕ್ಕು ತಳ್ಳಿಹಾಕಲಾರೆ. ಒಕ್ಕಲುತನದ ಮನೆಯ ಹುಡುಗನಿಗೆ ಹೆಣ್ಣು ಸಿಗೋದು ಎಷ್ಟು ಕಷ್ಟ ಅಂತ ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮರ್ಯಾದಿಯೂ ಒಂದು ಖರ್ಚೇ.

ಆದರೆ ಕಾಕಾನ ಮನೆಯಲ್ಲಿ ನೆಲದ ಮೇಲೆ ಏನೇನಾಗತದೆ ನೋಡ್ರಿ. ಕುರ್ಚಿ-ಮೇಜು ಇದ್ದರೂ ಊಟ ನೆಲದ ಮೇಲೆ, ಮಲಗೋದು ನೆಲದ ಮೇಲೆ, ಅವ್ವ-ಚಿಗವ್ವ ರೊಟ್ಟಿ ಬಡಿಯೋದು, ಜ್ವಾಳ ಹಸನು ಮಾಡೋದು, ಮೆಣಸಿನಕಾಯಿ ತುಂಬು ಮುರಿಯೋದು ಎಲ್ಲ ನೆಲದ ಮೇಲೆ. ಸುಗ್ಗಿ ಬಂದರೆ ಪಡಸಾಲಿಯಲ್ಲಿ ಕ್ವಿಂಟಲ್ ಕ್ವಿಂಟಲ್ ಚೀಲದ ಥಪ್ಪಿ. ನಮ್ಮಲ್ಲಿ ನೆಲವೇ ಮಂಚ, ನೆಲವೇ ಮೇಜು, ನೆಲವೇ ಗೋದಾಮು. ಗುಜರಾತಿನ ಮೊರ್ಬಿಯಲ್ಲಿ ತಯಾರಾಗಿ ಬರೋ ಟೈಲ್ಸಿನ ಪುಸ್ತಕದಲ್ಲಿ ಸೋಫಾದ ಮುಂದಿನ ನೆಲದ ಫೋಟೊ ಇರತದೆ, ಕಡ್ಲಿ ಚೀಲದ ಕೆಳಗಿನ ನೆಲದ್ದು ಇರೋದಿಲ್ಲ. ಟೈಲ್ಸ್ ಒಳ್ಳೇದೇ, ಗಟ್ಟಿಯೂ ಹೌದು. ಆದರೆ ಕೆಳಗೆ ಮಾಲು ಸರಿ ತುಂಬದೆ ಪೊಳ್ಳು ಬಿಟ್ಟಿದ್ದರೆ ಚೀಲ ಇಟ್ಟ ದಿನವೇ ಸೀಳ್ತದೆ. ಕೂಡಿಸಿದ ಮೇಲೆ ಒಂದೊಂದನ್ನೂ ನಾಣ್ಯದಿಂದ ಬಡಿದು ಕೇಳ್ರಿ. "ಡಬ್" ಅಂದರೆ ಅದನ್ನು ಕಿತ್ತಿಸಿ ಮತ್ತೆ ಕೂಡಿಸೋ ತನಕ ಗೌಂಡಿಗೆ ಕೊನೇ ಕಂತು ಕೊಡಬ್ಯಾಡ್ರಿ.

ಮತ್ತೆ ಹೊಳಪು. ಹೆಣ್ಣು ನೋಡಲು ಬಂದವರು ಹೊಳಪು ನೋಡಿ ಒಂದು ತಾಸಿಗೆ ಎದ್ದು ಹೋಗ್ತಾರೆ. ಒದ್ದೆ ಕಾಲಲ್ಲಿ ಬಚ್ಚಲಿಂದ ದೇವರ ಮನೆಗೆ ನಡೆಯೋ ಎಪ್ಪತ್ತು ದಾಟಿದ ಅಜ್ಜಿ ಅಲ್ಲೇ ಇರ್ತಾಳೆ. ಆ ವಯಸ್ಸಿನಲ್ಲಿ ಜಾರಿ ಚಪ್ಪಿ ಎಲುಬು ಮುರಿದರೆ ಆಪರೇಶನ್ನಿನ ಖರ್ಚು ಇಡೀ ಮನೆಯ ಟೈಲ್ಸಿಗಿಂತ ಹೆಚ್ಚು. ಎದ್ದು ಓಡಾಡದೇ ಹೋದವರೂ ಇದ್ದಾರೆ. ಪಡಸಾಲಿಗೆ ಹೊಳಪಿನದು ಹಾಕಿಸ್ರಿ, ಬ್ಯಾಡ ಅನ್ನೋದಿಲ್ಲ. ಬಚ್ಚಲು, ಅಡಗಿಮನಿ, ಅಜ್ಜಿ ಓಡಾಡೋ ಹಾದಿಗೆ ಮಾತ್ರ ಹೊಳಪಿಲ್ಲದ, ಕಾಲು ಹಿಡಿಯೋ ಟೈಲ್ಸು.

ಮೂರನೇದು ಗಜೇಂದ್ರಗಡ. ರೋಣ ತಾಲೂಕಿನಿಂದ ಬೇರೆಯಾಗಿ ಈಗ ಅದೂ ತಾಲೂಕು. ಗುಡ್ಡದ ಬುಡದ ಊರು, ಗುಡ್ಡದ ಮಗ್ಗುಲ ಓಣಿಗಳಲ್ಲಿ ಕೆಳಗೆ ಗಟ್ಟಿ ನೆಲ, ಕಲ್ಲು. ಅಂಥ ಜಾಗದಲ್ಲಿ ನನ್ನ ಲೆಕ್ಕದ ಐದನೇ ಸಾಲು ಅರ್ಧಕ್ಕೂ ಕೆಳಗೆ ಇಳೀತದೆ. ನರಗುಂದದ ಅಕ್ಕ "ಗಜೇಂದ್ರಗಡದಾಗ ಇಷ್ಟ ಕಡಿಮಿ ಬಿತ್ತು, ನಮಗ್ಯಾಕ ಇಷ್ಟ?" ಅಂತ ಕೇಳಿದ್ದಕ್ಕೆ ಉತ್ತರ ಇದೇ. ಅಂಗಡಿಯವನ ಮೋಸ ಅಲ್ಲ, ಮಣ್ಣಿನ ವ್ಯತ್ಯಾಸ.

ಆದರೆ ಅಲ್ಲಿ ಬೇರೊಂದು ಪ್ರಶ್ನೆ. ಗಜೇಂದ್ರಗಡ ಪಟ್ಟೇದ ಅಂಚು ಸೀರೆಯ ಊರು. ಕೈಮಗ್ಗದ ಮನೆಗಳಲ್ಲಿ ಮಗ್ಗ ಇರೋದು ನೆಲದಲ್ಲಿ ತೋಡಿದ ಕುಣಿಯ ಮೇಲೆ. ನೇಯುವವರು ಕುಣಿಯೊಳಗೆ ಕಾಲು ಬಿಟ್ಟು ಕೂಡ್ತಾರೆ. ಹೊಸ ನೆಲ ಹಾಕಿಸುವಾಗ ಗೌಂಡಿ ಮೊದಲು ಕೇಳೋದು "ಈ ಕುಣಿ ಮುಚ್ಚಲೇನು?" ಮುಚ್ಚಿದರೆ ನೆಲ ಸಪಾಟು, ಕೋಲಿ ದೊಡ್ಡದು. ಮಾವನ ಮನೆಯಲ್ಲಿ ಈಗ ಈ ಮಾತೇ ನಡೆದಿದೆ. ನೇಯೋದು ಅತ್ತಿ, ಮುಚ್ಚೋಣ ಅನ್ನೋರು ಮಕ್ಕಳು. ಕೂಲಿ ಕಡಿಮೆ, ಮುಂದಿನವರು ಕೂಡೋದಿಲ್ಲ ಅನ್ನೋದು ಖರೆ. ಆದರೂ ಆ ಕುಣಿಯ ಮೇಲೆ ಕೂತು ದುಡಿದ ದುಡ್ಡಲ್ಲೇ ಈ ನೆಲ ಆಗ್ತಿರೋದು. ಅತ್ತಿ ಕೂಡುವ ತನಕ ಕುಣಿ ಇರಲಿ, ಒಳಗೆ ಇಟ್ಟಂಗಿ ಕಟ್ಟಿ ಗಿಲಾವ್ ಮಾಡಿಸಿ, ಸುತ್ತ ಅಂಚಿಗೆ ಫರಸಿ ಹಾಕಿಸ್ರಿ ಅಂತ ನಾನಂದೆ. ಮುಚ್ಚೋದು ಯಾವಾಗ ಬೇಕಾದರೂ ಮುಚ್ಚಬಹುದು. ನೆಲದ ಪ್ಲಾನು ಮಾಡುವಾಗ ಆ ನೆಲದ ಮೇಲೆ ದುಡಿಯುವವರನ್ನು ಕೇಳದಿದ್ದರೆ ಹೆಂಗೆ?

ಫರಸಿ ಅಂದೆ. ನಮ್ಮ ಕಡೆ ಫರಸಿ ಅಂದ್ರೆ ಬಹಳ ಮಟ್ಟಿಗೆ ಶಹಾಬಾದಿನದು, ಕಲಬುರಗಿ ಜಿಲ್ಲೆಯ ಸುಣ್ಣಕಲ್ಲು. ಪದರ ಪದರವಾಗಿ ಏಳೋದರಿಂದ ಹಾಸುಗಲ್ಲಿಗೆ ಹೇಳಿ ಮಾಡಿಸಿದ್ದು. ಅದೇ ಸುಣ್ಣಕಲ್ಲಿನಿಂದ ಪಕ್ಕದ ವಾಡಿಯಲ್ಲಿ ಸಿಮೆಂಟೂ ಆಗತದೆ. ಫರಸಿ ಭಾಳ ಅಗ್ಗ ಅಂತ ನಾನು ಹೇಳ್ತಿಲ್ಲ. ಕಲ್ಲು, ಅಂಚು ಹೊಡೆಯೋದು, ಮಷೀನ್ ಪಾಲಿಶ್ ಸೇರಿಸಿದರೆ ಸಾಧಾರಣ ಟೈಲ್ಸಿನ ಹತ್ತಿರವೇ ಬರತದೆ. ಹುಣಸಿಹುಳಿ, ಲಿಂಬಿಹುಳಿ ಬಿದ್ದರೆ ಕಲೆ ನಿಲ್ತದೆ, ಆಸಿಡ್ ಹಾಕಿ ತೊಳೆದರೆ ಕೆಡ್ತದೆ. ಇದೂ ನಿಜ.

ಆದರೂ ಎರಿಭೂಮಿಗೆ ನನ್ನ ಓಟು ಫರಸಿಗೆ. ಕಾರಣ ಒಂದೇ: ಅದನ್ನು ಎಬ್ಬಿಸಿ ಮತ್ತೆ ಕೂಡಿಸಬಹುದು. ನೆಲ ಎಲ್ಲಾದರೂ ಕುಸಿದರೆ ಆ ನಾಲ್ಕು ಕಲ್ಲು ಎಬ್ಬಿಸಿ, ಗರಸು ತುಂಬಿ ಬಡಿದು, ಅವೇ ಕಲ್ಲನ್ನು ಮತ್ತೆ ಹಾಸಿದರೆ ಮುಗೀತು. ಟೈಲ್ಸ್ ಕಿತ್ತರೆ ಚೂರು. ಅದೇ ಬಣ್ಣದ್ದು ಮೂರು ವರ್ಷದ ಮೇಲೆ ಅಂಗಡಿಯಲ್ಲಿ ಸಿಗೋದೂ ಇಲ್ಲ. ಅಲುಗುವ ಮಣ್ಣಿನ ಮೇಲೆ ರಿಪೇರಿಗೆ ಒಗ್ಗುವ ನೆಲವೇ ಬೇಕು. (ಟೈಲ್ಸೇ ಬೇಕು ಅನ್ನೋರು ಎರಡು ಬಾಕ್ಸು ಹೆಚ್ಚಿಗೆ ತಂದು ಅಟ್ಟದ ಮೇಲಿಟ್ಟುಕೊಳ್ರಿ.)

ಇಲ್ಲಿ ನಮ್ಮ ಬ್ಲಾಗಿಗ ಮಿತ್ರರಿಗೆ ಒಂದು ಮಾತು. "ಹೆಂಡಿ ಸಾರಿಸಿದ ನೆಲದ ತಂಪು ಎಲ್ಲಿ, ಈ ಟೈಲ್ಸ್ ಎಲ್ಲಿ" ಅಂತ ನಿಟ್ಟುಸಿರು ಬಿಟ್ಟು ಬರೆಯೋದು ನಮ್ಮಲ್ಲೊಂದು ರೂಢಿ. ಬರೆಯೋರಲ್ಲಿ ಬಹುತೇಕರು ಗಂಡಸರು. ಎಂಟು ದಿನಕ್ಕೊಮ್ಮೆ ಬಗ್ಗಿ ಕೂತು ಅಂಕಣ ಅಂಕಣ ಹೆಂಡಿ ಸಾರಿಸಿದವರು ಅವ್ವ, ಅಕ್ಕ, ವೈನಿ. ಅವರನ್ನು ಕೇಳ್ರಿ, ಯಾರಿಗೂ ಆ ತಂಪು ವಾಪಸ್ ಬೇಕಾಗಿಲ್ಲ. ನಾನು ಹೊಸ ನೆಲ ಬ್ಯಾಡ ಅನ್ನೋ ಪಾರ್ಟಿ ಅಲ್ಲ. ಅದು ಅವರ ಸೊಂಟಕ್ಕೆ ಸಿಕ್ಕ ಬಿಡುಗಡೆ. ಆ ಬಿಡುಗಡೆ ಮೂರು ವರ್ಷಕ್ಕೇ ಒಡೆಯಬಾರದು ಅನ್ನೋದಷ್ಟೇ ನನ್ನ ತಕರಾರು.

ಹಾಗಾದರೆ ಕೈಯಲ್ಲಿ ದುಡ್ಡು ಕಡಿಮೆ ಇದ್ದವರು ಏನು ಮಾಡಬೇಕು? ಸೊಸೈಟಿ ಸಾಲ ಹೆಚ್ಚು ಮಾಡಬ್ಯಾಡ್ರಿ. ಕೆಲಸ ಎರಡು ಭಾಗ ಮಾಡ್ರಿ. ಈ ವರ್ಷ ಗರಸು, ಕಾಂಕ್ರೀಟು ಮಾತ್ರ. ಮೇಲೆ ನುಣ್ಣಗೆ ಕೋಬಾ ತಿಕ್ಕಿಸಿ ಅದರ ಮೇಲೇ ಸಂಸಾರ ಮಾಡ್ರಿ. ಬಾಗಿಲ ಚೌಕಟ್ಟು ಕೂಡಿಸುವಾಗಲೇ ಮುಂದೆ ಬರೋ ನೆಲಕ್ಕೆ ಎರಡು ಇಂಚು ಜಾಗ ಬಿಡ್ರಿ, ಇಲ್ಲದಿದ್ದರೆ ಬಾಗಿಲು ಉಜ್ಜತದೆ. ಎರಡು ಮಳೆಗಾಲ ಹೋಗಲಿ. ಭರ್ತಿ ಕೂಡೋದು ಕೂಡ್ತದೆ, ಬಿರುಕು ಎಲ್ಲಿ ಅಂತ ಮಣ್ಣೇ ತೋರಸತದೆ. ಅದನ್ನು ಸರಿಮಾಡಿ, ಆಮೇಲೆ ನಿಮಗೆ ಬೇಕಾದ ಟೈಲ್ಸು, ಫರಸಿ, ಗ್ರಾನೈಟು ಯಾವುದಾದರೂ ಹಾಕಿಸ್ರಿ. ಇನ್ನೊಂದು ಸಮಾಧಾನ, ಸಿಮೆಂಟಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರಿನಲ್ಲಿ ನೂರಕ್ಕೆ 28ರಿಂದ 18ಕ್ಕೆ ಇಳಿದಿದೆ. ಇಳಿದದ್ದು ಬಿಲ್ಲಿನಲ್ಲಿ ಕಾಣ್ತದೋ ಇಲ್ಲವೋ ಕೇಳ್ರಿ.

ಇದಕ್ಕೆ ಅಡ್ಡಿ ಅಂದ್ರೆ ಒಂದೇ, ಅದು ವಾಸ್ತುಶಾಂತಿ. ಬಂದ ನೆಂಟರು ಟೈಲ್ಸ್ ನೋಡ್ತಾರೆ, ಗರಸು ಯಾರೂ ನೋಡೋದಿಲ್ಲ. ಕಾಣದ್ದಕ್ಕೆ ಅರ್ಧ ಲಕ್ಷ ಹಾಕಿ, ಕಾಣೋದನ್ನು ಎರಡು ವರ್ಷ ಮುಂದೆ ಹಾಕಲು ಧೈರ್ಯ ಬೇಕು. ನರಗುಂದದ ಅಕ್ಕ ಒಪ್ಪಿದ್ದಾಳೆ. ರೋಣದ ಕಾಕಾ ಇನ್ನೂ ಒಪ್ಪಿಲ್ಲ. ಗಜೇಂದ್ರಗಡದ ಕುಣಿ ಈ ಬರಹ ಹಾಕೋ ಹೊತ್ತಿಗೆ ಇನ್ನೂ ತೆರೆದೇ ಇದೆ.

ನಿಮ್ಮ ಕಡೆ ಮಣ್ಣು ಯಾವುದು, ನೆಲ ಯಾವುದು, ಎಷ್ಟು ವರ್ಷ ಬಾಳಿತು? ಗೊತ್ತಿದ್ದವರು ಬರೀರಿ. ಕಾಕಾಗ ಓದಿ ಹೇಳಬೇಕಾಗೇದ.